ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಖಾಲಿ ಹೊಟ್ಟೆಗೆ, ಗ್ಯಾಸಿನ ಮಾತ್ರೆಯ ಜೊತೆ ತೆಗೆದುಕೊಳ್ಳಬಹುದೇ?

ಕೇರಳದ ಬದಿಯಡ್ಕದಲ್ಲಿರುವ ನಿಮ್ಮ ಅಪ್ಪನಿಗೆ ಶ್ವಾಸಕೋಶದಲ್ಲಿ ಫಂಗಸ್ ಸೋಂಕು. ಮಂಗಳೂರಿನ ಡಾಕ್ಟರು ಇಟ್ರಾಕೊನಜೋಲ್ ಬರೆದಿದ್ದಾರೆ. ಅಪ್ಪ ಅದನ್ನು ಬೆಳಗ್ಗೆ ಎದ್ದ ಕೂಡಲೇ ಗ್ಯಾಸಿನ ಮಾತ್ರೆ ಪ್ಯಾಂಟೊಪ್ರಜೋಲ್ ಜೊತೆ ನುಂಗುತ್ತಾರೆ ಎಂದಿದ್ದೀರಿ. ಹಾಗೆ ಬೇಡ. ಸಾಮಾನ್ಯ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಉಂಡ ಕೂಡಲೇ ತೆಗೆದುಕೊಳ್ಳಬೇಕು. ಬರೀ ಗಂಜಿತಿಳಿ ಕುಡಿದರೆ ಅದು ಊಟವಲ್ಲ.

ಕ್ಯಾಪ್ಸೂಲ್ ಬಿಡಿಸಿದರೆ ಸಾಸಿವೆಯಂಥ ಮಣಿಗಳು ಕಾಣುತ್ತವೆ. ಅದರಲ್ಲಿರುವ ಔಷಧ ನೀರಿಗೆ ಕರಗುವುದಿಲ್ಲ, ಹೊಟ್ಟೆಯ ಆಮ್ಲ ಬೇಕು. ಉಂಡಾಗ ಆಮ್ಲ ಹೆಚ್ಚು ಸುರಿಯುತ್ತದೆ. ಗ್ಯಾಸಿನ ಮಾತ್ರೆ ಅದನ್ನೇ ತಗ್ಗಿಸುತ್ತದೆ, ಮದ್ದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕ್ಯಾಪ್ಸೂಲ್ ತಪ್ಪದೆ ನುಂಗಿಯೂ ಸೋಂಕು ಹಾಗೇ ಉಳಿಯಬಹುದು. ನನಗೆ ಹೆಚ್ಚು ಸಂಕಟವಾಗುವುದು ಇದೇ.

ಆಂಟಾಸಿಡ್ ಸಿರಪ್ ಆದರೆ 2 ಗಂಟೆ ಅಂತರ ಸಾಕು. ಪ್ಯಾಂಟೊಪ್ರಜೋಲ್ ಪರಿಣಾಮ ದಿನವಿಡೀ ಇರುವುದರಿಂದ ಹೊತ್ತು ಬದಲಿಸಿ ಉಪಯೋಗವಿಲ್ಲ. ಇಟ್ರಾಕೊನಜೋಲ್, ಪ್ಯಾಂಟೊಪ್ರಜೋಲ್ ಎರಡರಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸದೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಪೊಟ್ಟಣದಲ್ಲಿ ‘ಸುಬಾ’ (ಇದೇ ಮದ್ದಿನ ಬೇರೆ ಬಗೆಯ ಕ್ಯಾಪ್ಸೂಲ್) ಎಂದಿದ್ದರೆ, ಅಥವಾ ಮದ್ದು ದ್ರವರೂಪದ್ದಾದರೆ ನಿಯಮವೇ ಬೇರೆ. ಚೀಟಿ ಮಲಯಾಳದಲ್ಲಿದ್ದು ಅರ್ಥವಾಗದಿದ್ದರೆ ಔಷಧದಂಗಡಿಯಲ್ಲಿ ಓದಿಸಿಕೊಳ್ಳಿ, ಸಂಕೋಚ ಬೇಡ.

ಕೊಲೆಸ್ಟರಾಲಿನ ಸಿಮ್ವಾಸ್ಟಾಟಿನ್ ಇದರ ಜೊತೆ ಕೂಡದು. ಹೃದಯದ ತೊಂದರೆಯಿದ್ದರೆ ಮೊದಲೇ ಹೇಳಿ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ, ಕಾಲು ಬಾತು ಏದುಸಿರು ಬಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.