ಪಿರಮಿಡ್ಡಿನ ಒಳಗೆ ಹೋಗಲೇಬೇಕಾ?

ಈಜಿಪ್ಟ್ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೇ ತಡ, ಪತ್ರಗಳ ರಾಶಿಯೇ ಬಂತು. ಅರ್ಧಕ್ಕರ್ಧ ಟಿವಿ ನೋಡಿ ಹುಟ್ಟಿದ ಪ್ರಶ್ನೆಗಳು, ಮಿಕ್ಕವು ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಹೊರಟು ನಿಂತವರದು. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ಯಾವ ಕಾರ್ಯಕ್ರಮ ಹಾಕಿದರೂ 'ಪಿರಮಿಡ್ ಕಟ್ಟಿದ್ದು ಹೇಗೆಂಬುದು ಇಂದಿಗೂ ನಿಗೂಢ' ಅಂತಲೇ ಶುರುವಾಗುತ್ತದೆ. ನಮ್ಮ ಯಜಮಾನರಂತೂ ಬೇರೆ ಗ್ರಹದವರೇ ಬಂದು ಕಟ್ಟಿದ್ದು ಅಂತ ವಾದಕ್ಕೇ ಇಳಿಯುತ್ತಾರೆ. ನಿಜವಾಗಿಯೂ ಏನೂ ಗೊತ್ತಿಲ್ಲವಾ? — ಒಬ್ಬ ಗೃಹಿಣಿ

ಗೊತ್ತಿದೆ ತಾಯಿ, ಬೇಕಾದಷ್ಟು ಗೊತ್ತಿದೆ. ಇಂಥ ಸಾಕ್ಷ್ಯಚಿತ್ರಗಳಿಗೆ ಕನ್ನಡ ನಿರೂಪಣೆ ಬರೆಯುವುದೇ ನನ್ನ ಕಸುಬು. 'ನಿಗೂಢ' ಎನ್ನುವುದು ಜಾಹೀರಾತಿಗೆ ಮುಂಚೆ ಒಂದು ಸಲ, ಜಾಹೀರಾತು ಮುಗಿದ ಮೇಲೆ ಇನ್ನೊಂದು ಸಲ ಬರಲೇಬೇಕು. ನೀವು ಚಾನೆಲ್ ಬದಲಾಯಿಸಬಾರದಲ್ಲ, ಅದಕ್ಕೆ.

ನಿಮ್ಮ ಯಜಮಾನರನ್ನು ಕೈರೋ ಪಕ್ಕದ ಗೀಜಾದಿಂದ ಸ್ವಲ್ಪ ದಕ್ಷಿಣಕ್ಕೆ ಕರೆದುಕೊಂಡು ಬನ್ನಿ. ದೊಡ್ಡ ಪಿರಮಿಡ್ ಕಟ್ಟಿಸಿದ ಖುಫುವಿನ ಅಪ್ಪ ಸ್ನೆಫೆರು. ಮೆಯ್ದುಮ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿದ್ದ ಪಿರಮಿಡ್ಡನ್ನು ಅವನ ಕಾಲದಲ್ಲಿ ನುಣುಪಾಗಿಸಲು ಹೊರಟರು. ಅದರ ಹೊರಮೈ ಕುಸಿದು, ಈಗ ಗೋಪುರದಂಥ ನಡುಭಾಗ ಮಾತ್ರ ನಿಂತಿದೆ. ದಹ್ಶೂರ್‌ನಲ್ಲಿ ಇನ್ನೊಂದು ಶುರು ಮಾಡಿದರು. ಇಳಿಜಾರು ಸುಮಾರು 54 ಡಿಗ್ರಿ. ಅರ್ಧಕ್ಕೆ ಬರುವಷ್ಟರಲ್ಲಿ ಒಳಗೆ ಬಿರುಕು ಬಿಟ್ಟಿತು. ಮೇಲಿನ ಭಾಗವನ್ನು 43 ಡಿಗ್ರಿಗೆ ಇಳಿಸಿ ಹೇಗೋ ಮುಗಿಸಿದರು. ಹಾಗಾಗಿ ಅದಕ್ಕೆ ಸೊಂಟ ಬಗ್ಗಿದ ಆಕಾರ. ಪಕ್ಕದಲ್ಲೇ ಮತ್ತೊಂದು ಕಟ್ಟಿದರು, ಈ ಸಲ ಬುಡದಿಂದಲೇ 43. ಅದೇ ಕೆಂಪು ಪಿರಮಿಡ್. ಇಷ್ಟೆಲ್ಲ ಪಾಠ ಆದ ಮೇಲೆ ಮಗನ ಕಾಲದಲ್ಲಿ 146 ಮೀಟರ್ ಎತ್ತರದ ಗೀಜಾ ಪಿರಮಿಡ್ ಎದ್ದಿತು. ನಕ್ಷತ್ರ ದಾಟಿ ಬಂದ ಎಂಜಿನಿಯರುಗಳು ಹೀಗೆ ಕೆಡಿಸಿ ಕೆಡಿಸಿ ಕಲಿಯುತ್ತಿದ್ದರಾ, ನೀವೇ ಕೇಳಿ.

ಇನ್ನೂ ಒಂದು ಪುರಾವೆ ಇದೆ, ಟಿವಿಯಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ. 2013ರಲ್ಲಿ ಫ್ರಾನ್ಸಿನ ಪುರಾತತ್ವಜ್ಞ ಪಿಯರ್ ತಾಲೆ ಅವರ ತಂಡಕ್ಕೆ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್‌ನಲ್ಲಿ ಪೆಪೈರಸ್, ಅಂದರೆ ಜೊಂಡಿನಿಂದ ಮಾಡಿದ ಕಾಗದದ ಚೂರುಗಳು ಸಿಕ್ಕವು. ಬರೆದ ಪೆಪೈರಸ್‌ಗಳಲ್ಲಿ ಈವರೆಗೆ ಸಿಕ್ಕಿದ್ದರಲ್ಲೆಲ್ಲ ಅವೇ ಹಳೆಯವು. ಅದರಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಇದೆ. ನೈಲ್ ನದಿಯ ಆಚೆ ದಡದ ತುರಾ ಗಣಿಯಿಂದ ಬಿಳಿ ಸುಣ್ಣದಕಲ್ಲು ತುಂಬಿಕೊಂಡು ದೋಣಿಯಲ್ಲಿ ಗೀಜಾಕ್ಕೆ ಸಾಗಿಸುವುದು ಅವನ ತಂಡದ ಕೆಲಸ. ಈವತ್ತು ಕಲ್ಲು ಹೇರಿದ್ದು, ಈ ರಾತ್ರಿ ಇಲ್ಲಿ ತಂಗಿದ್ದು, ಹೀಗೆ ದಿನದಿನದ ಲೆಕ್ಕ. ಜೊತೆಗೆ ತಂಡಕ್ಕೆ ಬಂದ ದವಸ, ರೊಟ್ಟಿಯ ಲೆಕ್ಕ. ಮೇಲಧಿಕಾರಿಯಾಗಿ ಖುಫುವಿನ ಮಲಸೋದರ ಅಂಖಹಾಫ್‌ನ ಹೆಸರೂ ಇದೆ. ಲಾರಿ ಡ್ರೈವರ್ ಟ್ರಿಪ್ ಶೀಟ್ ಬರೆದಂತಿದೆ. ನನಗಂತೂ ತುತಾಂಖಾಮನ್ ದೊರೆಯ ಬಂಗಾರದ ಮುಖವಾಡಕ್ಕಿಂತ ಇದೇ ಜಾಸ್ತಿ ಬೆರಗು.

ಗೀಜಾದ ದಕ್ಷಿಣಕ್ಕೆ ಈ ಕೆಲಸಗಾರರ ಊರೇ ಸಿಕ್ಕಿದೆ. ರೊಟ್ಟಿ ಸುಡುವ ಕೋಣೆ, ದನ, ಕುರಿ, ಮೇಕೆಗಳ ಮೂಳೆ, ಗುಡ್ಡದ ಮೇಲೆ ಅವರದೇ ಸಮಾಧಿಗಳು. ಒಂದೊಂದು ತಂಡಕ್ಕೂ ಒಂದೊಂದು ಹೆಸರು. ಮೆಂಕೌರೆ ದೊರೆಯ ಪಿರಮಿಡ್ಡಿನ ಒಂದು ತಂಡ ತನ್ನನ್ನು 'ಮೆಂಕೌರೆಯ ಕುಡುಕರು' ಎಂದು ಕರೆದುಕೊಂಡಿತ್ತು! ಕಲ್ಲೆಳೆಯಲು ಮಾಡಿದ ಇಳಿಜಾರು ದಾರಿ ನೇರ ಇತ್ತೋ, ಸುತ್ತಿ ಬಳಸಿ ಇತ್ತೋ ಅಂತ ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಅದು ನಿಜವಾದ ಪ್ರಶ್ನೆ. ಯಜಮಾನರು ವಾದ ಮಾಡಲೇಬೇಕೆಂದಿದ್ದರೆ ಅದರ ಮೇಲೆ ಮಾಡಲಿ.

ಪ್ರಶ್ನೆ: ಹಾಗಾದರೆ ಯಾವ ಸಾಕ್ಷ್ಯಚಿತ್ರ ನಂಬಬೇಕು, ಯಾವುದನ್ನು ಬಿಡಬೇಕು? — ಕಾಲೇಜು ವಿದ್ಯಾರ್ಥಿನಿ

'ಇರಬಹುದೇ?' ಎಂಬ ಪ್ರಶ್ನೆ ಎಷ್ಟು ಸಲ ಬರುತ್ತದೆ ನೋಡು. ಹೆಚ್ಚಾದಷ್ಟೂ ಸರಕು ಕಡಿಮೆ ಅಂತ ಅರ್ಥ. ಆಮೇಲೆ, ಅಗೆಯುವವರು ಮಾತಾಡುತ್ತಾರೋ, ಬರೀ ನಿರೂಪಕನೇ ಓಡಾಡುತ್ತಾನೋ ಗಮನಿಸು. ಮಡಕೆ ಚೂರು ತೋರಿಸಿ ಐದು ನಿಮಿಷ ಮಾತಾಡುವ ಕಾರ್ಯಕ್ರಮ ಸಿಕ್ಕರೆ ಬಿಡಬೇಡ.

ಟಿವಿಯ ಗದ್ದಲಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ದೊಡ್ಡ ಪಿರಮಿಡ್ಡಿನಲ್ಲಿ 'ರಾಣಿಯ ಕೋಣೆ' ಎಂದು ಕರೆಯುವ ಕೋಣೆಯಿಂದ ಮೇಲಕ್ಕೆ ಹೋಗುವ ಇಕ್ಕಟ್ಟಾದ ಕಂಡಿಗಳಿವೆ. ಮನುಷ್ಯ ತೂರಲಾರ, ಕೈ ಹಾಕಬಹುದು ಅಷ್ಟೇ. 1993ರಲ್ಲಿ ಜರ್ಮನಿಯ ರುಡಾಲ್ಫ್ ಗಾಂಟೆನ್‌ಬ್ರಿಂಕ್ ಅದರೊಳಗೆ ಪುಟ್ಟ ರೋಬೋಟ್ ಬಿಟ್ಟರು. ತುದಿಯಲ್ಲೊಂದು ಕಲ್ಲು ಅಡ್ಡ ಇತ್ತು, ಅದಕ್ಕೆ ತಾಮ್ರದ ಎರಡು ಪಿನ್ನು. ಜಗತ್ತೆಲ್ಲ 'ರಹಸ್ಯ ಬಾಗಿಲು' ಎಂದು ಕುಣಿಯಿತು. 2002ರಲ್ಲಿ ಆ ಕಲ್ಲಿಗೆ ತೂತು ಕೊರೆದು ಕ್ಯಾಮರಾ ತೂರಿಸುವುದನ್ನು ನೇರ ಪ್ರಸಾರ ಮಾಡಿದರು. ಕಂಡಿದ್ದೇನು? ಚಿಕ್ಕದೊಂದು ಖಾಲಿ ಜಾಗ, ಅದರಾಚೆ ಇನ್ನೊಂದು ಕಲ್ಲು. ಬೇರೆ ರೋಬೋಟ್ ತೆಗೆದ ಚಿತ್ರಗಳು 2011ರಲ್ಲಿ ಹೊರಬಂದವು. ಆ ಖಾಲಿ ಜಾಗದ ನೆಲದ ಮೇಲೆ ಕೆಂಪು ಬಣ್ಣದ ಗುರುತುಗಳಿದ್ದವು. ಕಟ್ಟಿದ ದಿನ ಬಿಟ್ಟರೆ ಮನುಷ್ಯರ ಕಣ್ಣಿಗೇ ಬೀಳದ ಗುರುತು. ಅದಕ್ಕೆ ಮಾತ್ರ ನೇರ ಪ್ರಸಾರ ಇರಲಿಲ್ಲ ನೋಡು.

ಒಂದನ್ನು ಹೆಸರಿಸು ಎಂದರೆ, 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ, ಸಕ್ಕಾರಾದಲ್ಲಿ ವಾಹ್ತಿಯೆ ಎಂಬ ಪುರೋಹಿತನ ಸಮಾಧಿ ಅಗೆದ ಸಾಕ್ಷ್ಯಚಿತ್ರ ನೋಡು. ಅಗೆಯುವವರೂ ವಿವರಿಸುವವರೂ ಈಜಿಪ್ಟಿನವರೇ. ಬುಟ್ಟಿ ಹೊರುವವರಿಗೂ ಅದರಲ್ಲಿ ಮಾತಿದೆ.

ಪ್ರಶ್ನೆ: ನನಗೆ 63, ಮನೆಯವರಿಗೆ 60. ಇಬ್ಬರಿಗೂ ಮಂಡಿನೋವು. ಅಷ್ಟು ದೂರ ಹೋಗಿ ಪಿರಮಿಡ್ ಒಳಗೆ ಹೋಗದೆ ಬಂದರೆ ನಾಳೆ ಪಶ್ಚಾತ್ತಾಪ ಆಗುತ್ತದಾ? — ನಿವೃತ್ತ ಶಿಕ್ಷಕರು

ಸರ್, ಒಳಗೆ ಏನಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ. ಮೊದಲು ಒರಟಾಗಿ ಕೊರೆದ ಸುರಂಗ. ಅದು ಮೂಲ ದ್ವಾರವಲ್ಲ, ಆಮೇಲೆ ಒಡೆದು ಮಾಡಿದ್ದು. ಮುಂದೆ ಏರುದಾರಿ. ಎತ್ತರ ಸುಮಾರು 1.2 ಮೀಟರ್, ಉದ್ದ 40 ಮೀಟರಿನ ಹತ್ತಿರ. ಸೊಂಟ ಬಗ್ಗಿಸಿಯೇ ಹತ್ತಬೇಕು. ಹಲಗೆಯ ಮೇಲೆ ಅಡ್ಡಪಟ್ಟಿ ಹೊಡೆದಿದ್ದಾರೆ, ಪಕ್ಕಕ್ಕೆ ಕಂಬಿ ಇದೆ. ಎದುರಿನಿಂದ ಇಳಿಯುವವರು ಬಂದರೆ ಒತ್ತಿಕೊಂಡು ನಿಲ್ಲಬೇಕು. ಗಾಳಿ ಕಮ್ಮಿ, ಸೆಕೆ ಜಾಸ್ತಿ. ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಮಹಾ ಮೊಗಸಾಲೆ ಎದುರಾಗುತ್ತದೆ. 8 ಮೀಟರಿಗೂ ಹೆಚ್ಚು ಎತ್ತರ, ಎರಡೂ ಕಡೆ ಗೋಡೆಗಳು ಮೇಲೆ ಮೇಲೆ ಹೋದಂತೆ ಒಳಗೆ ಸರಿಯುತ್ತವೆ. ಇದು ಮಾತ್ರ ಯಾವ ಕ್ಯಾಮರಾಗೂ ಸಿಕ್ಕಿಲ್ಲ, ಒಪ್ಪುತ್ತೇನೆ. ಕೊನೆಗೆ ಮತ್ತೆ ಬಗ್ಗಿ ಹೋದರೆ ರಾಜನ ಕೋಣೆ. ಗ್ರಾನೈಟ್ ಗೋಡೆ, ಮುಚ್ಚಳವಿಲ್ಲದ, ಮೂಲೆ ಒಡೆದ ಕಲ್ಲಿನ ಪೆಟ್ಟಿಗೆ. ಚಿತ್ರವಿಲ್ಲ, ಬರಹವಿಲ್ಲ.

ಮಂಡಿ ಬೇಡ ಎಂದರೆ ಬಿಟ್ಟುಬಿಡಿ. ಒಳಗೆ ಹೋಗಲು ಬೇರೆ ಟಿಕೆಟ್, ಅದೂ ದುಬಾರಿ. ಆ ಹೊತ್ತಿನಲ್ಲಿ ಸಕ್ಕಾರಾಕ್ಕೆ ಹೋಗಿ ಮೆರೆರುಕಾ ಎಂಬ ಮಂತ್ರಿಯ ಸಮಾಧಿ ನೋಡಿ. ನೆಲಮಟ್ಟದಲ್ಲೇ ನಡೆದು ಹೋಗಬಹುದು. ಗೋಡೆ ತುಂಬ ಮೀನು ಹಿಡಿಯುವವರು, ಅಕ್ಕಸಾಲಿಗರು, ದನಗಾಹಿಗಳು. ಕತ್ತೆಕಿರುಬವನ್ನು ಅಂಗಾತ ಮಲಗಿಸಿ ಬಾಯಿಗೆ ತುರುಕಿ ತಿನ್ನಿಸುವ ದೃಶ್ಯ ಇದೆ, ಮೇಡಂ ಅವರಿಗೆ ತಪ್ಪದೆ ತೋರಿಸಿ. ಅಲ್ಲೇ ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್ ಇದೆ, ಎಲ್ಲ ಪಿರಮಿಡ್‌ಗಳಿಗೂ ಹಿರಿಯಣ್ಣ.

ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಬೇಸಿಗೆಯಲ್ಲಿ ಲಕ್ಸರ್, ಅಸ್ವಾನ್ ಕಡೆ 40 ಡಿಗ್ರಿ ದಾಟುವುದು ಮಾಮೂಲು. ದೊಡ್ಡ ತಾಣಗಳ ಟಿಕೆಟ್ ಕೌಂಟರುಗಳಲ್ಲಿ ಕಾರ್ಡೇ ಕೇಳುತ್ತಾರೆ, ನಡೆಯುವಂಥದ್ದೊಂದು ಕಾರ್ಡ್ ಇರಲಿ. ಟಿಪ್ಸಿಗೆ ಈಜಿಪ್ಟ್ ಪೌಂಡಿನ ಚಿಲ್ಲರೆ ನೋಟು ಬೇರೆ ಜೇಬಿನಲ್ಲಿಡಿ. ಒಂಟೆಯವನು 'ಸುಮ್ನೆ ಹತ್ತಿ, ದುಡ್ಡು ಬೇಡ' ಎಂದರೆ ಹತ್ತಬೇಡಿ. ಹತ್ತುವುದು ಪುಕ್ಕಟೆ, ಇಳಿಯುವುದಕ್ಕೆ ದುಡ್ಡು!

ಪ್ರಶ್ನೆ: ಆಂಟಿ, ತುತಾಂಖಾಮನ್ ಸಮಾಧಿ ತೆರೆದವರೆಲ್ಲ ಶಾಪದಿಂದ ಸತ್ತರಂತೆ, ನಿಜಾನಾ? — ಒಂಬತ್ತನೇ ಕ್ಲಾಸಿನ ಹುಡುಗ

ಇಲ್ಲಪ್ಪ. ಸಮಾಧಿ ಸಿಕ್ಕಿದ್ದು 1922ರ ನವೆಂಬರಿನಲ್ಲಿ. ದುಡ್ಡು ಹಾಕಿದ್ದ ಲಾರ್ಡ್ ಕಾರ್ನಾರ್ವನ್ 1923ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಸೊಳ್ಳೆ ಕಚ್ಚಿದ ಗಾಯ ಶೇವಿಂಗ್ ಮಾಡುವಾಗ ಕೆತ್ತಿ, ನಂಜೇರಿತು. ಆದರೆ ಸಮಾಧಿಯ ಸುದ್ದಿಯನ್ನು ಅವರು ಲಂಡನ್ನಿನ ದಿ ಟೈಮ್ಸ್ ಪತ್ರಿಕೆ ಒಂದಕ್ಕೇ ಮಾರಿದ್ದರು. ಉಳಿದ ಪತ್ರಿಕೆಯವರಿಗೆ ಬರೆಯಲು ಏನೂ ಇರಲಿಲ್ಲ. ಸಾವು ಬಂತು, ಶಾಪ ಸಿಕ್ಕಿತು! ಸಮಾಧಿ ಕಂಡುಹಿಡಿದ ಹೋವರ್ಡ್ ಕಾರ್ಟರ್ 1939ರವರೆಗೆ ಬದುಕಿದ್ದರು. ಮೊದಮೊದಲು ಒಳಗೆ ಹೋದವರಲ್ಲಿ ಒಬ್ಬರಾದ ಕಾರ್ನಾರ್ವನ್ ಮಗಳು ಈವ್ಲಿನ್ 1980ರವರೆಗೆ. ಮಮ್ಮಿಯ ಮೈ ಕೊಯ್ದು ಪರೀಕ್ಷಿಸಿದ ಡಾಕ್ಟರ್ ಡಗ್ಲಸ್ ಡೆರಿ 1961ರವರೆಗೆ. ಆ ಮಮ್ಮಿ ರಾಳದಲ್ಲಿ ಪೆಟ್ಟಿಗೆಗೇ ಅಂಟಿಕೊಂಡಿತ್ತು. ಬಿಡಿಸಲು ಕಾಯಿಸಿದ ಚಾಕು ಹಾಕಿದರು, ತಲೆ, ಕೈಕಾಲು ಬೇರೆಯಾದವು. ತೊಂದರೆ ಆಗಿದ್ದು ಹತ್ತೊಂಬತ್ತರ ಆ ಹುಡುಗ ದೊರೆಗೇ, ಅಲ್ವಾ?

ಪ್ರಶ್ನೆ: ಲಕ್ಸರ್‌ನಲ್ಲಿ ಒಂದೇ ದಿನ ಇದೆ. ರಾಜರ ಕಣಿವೆಯಲ್ಲಿ ಯಾವ ಸಮಾಧಿ ನೋಡಲಿ? — ಮೊದಲ ಸಲ ಹೊರಟವರು

ಕಣಿವೆಯಲ್ಲಿ 60ಕ್ಕೂ ಹೆಚ್ಚು ಸಮಾಧಿ, ಕೋಣೆಗಳಿವೆ. ಸಾಮಾನ್ಯ ಟಿಕೆಟ್ಟಿಗೆ ಮೂರು. ತುತಾಂಖಾಮನ್‌ಗೆ, ಒಂದನೇ ಸೇತಿ ದೊರೆಗೆ ಬೇರೆ ಬೇರೆ ಟಿಕೆಟ್. ದುಡ್ಡು ಒಂದಕ್ಕೇ ಇದ್ದರೆ ಸೇತಿ ಆರಿಸಿಕೊಳ್ಳಿ. ತುತಾಂಖಾಮನ್‌ನದು ಸಣ್ಣ ಕೋಣೆಗಳು, ಸಾಮಾನೆಲ್ಲ ಕೈರೋದಲ್ಲಿದೆ.

ಆದರೆ ನಾನು ನಿಮ್ಮನ್ನು ಕಳಿಸುವುದು ಬೇರೆ ಕಡೆಗೆ. ಅಲ್ಲಿಗೆ ಹತ್ತಿರದಲ್ಲೇ ದೇರ್ ಎಲ್ ಮದೀನಾ ಇದೆ. ಈ ರಾಜರ ಸಮಾಧಿಗಳನ್ನು ಕೊರೆದು ಬಣ್ಣ ಬಳಿದವರ ಹಳ್ಳಿ. ಮೊಣಕಾಲೆತ್ತರದ ಗೋಡೆಗಳು, ನಡುವೆ ಒಂದು ಓಣಿ, ಒತ್ತೊತ್ತಾಗಿ ಮನೆಗಳು. ಬಸ್ಸಿನ ಗುಂಪುಗಳು ಬರುವುದು ಕಮ್ಮಿ. ಸೆನ್ನೆಜೆಮ್ ಎಂಬ ಕುಶಲಕರ್ಮಿ ತನಗಾಗಿ ಮಾಡಿಸಿಕೊಂಡ ಸಮಾಧಿಗೆ ಇಳಿಯಿರಿ. ಕಡಿದಾದ ಮೆಟ್ಟಿಲು, ಕೆಳಗೆ ಒಂದೇ ಒಂದು ಸಣ್ಣ ಕೋಣೆ. ಹಳದಿ ಹಿನ್ನೆಲೆಯ ಗೋಡೆಯ ಮೇಲೆ ಅವನೂ ಹೆಂಡತಿಯೂ ಬಿಳಿ ಬಟ್ಟೆ ಉಟ್ಟು ಪರಲೋಕದ ಹೊಲ ಉಳುತ್ತಿದ್ದಾರೆ. ಅವನು ನೇಗಿಲು ಹಿಡಿದಿದ್ದಾನೆ, ಅವಳು ಹಿಂದಿನಿಂದ ಬೀಜ ಹಾಕುತ್ತಾ ಬರುತ್ತಾಳೆ.

ಈ ಹಳ್ಳಿಯವರ ಹಾಜರಿ ಪಟ್ಟಿ ಕೂಡ ಸಿಕ್ಕಿದೆ. ಎರಡನೇ ರಾಮ್ಸೆಸ್ ಆಳಿಕೆಯ 40ನೇ ವರ್ಷದ್ದು. ಕಲ್ಲಿನ ಚಪ್ಪಡಿಯ ಮೇಲೆ ಬರೆದದ್ದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯಾರು ಯಾವ ದಿನ ರಜೆ, ಏಕೆ ರಜೆ ಅಂತ ಕೆಂಪು, ಕಪ್ಪು ಶಾಯಿಯಲ್ಲಿ ಗುರುತು. ಒಬ್ಬನಿಗೆ ಚೇಳು ಕುಟುಕಿದೆ. ಒಬ್ಬನಿಗೆ ಕಣ್ಣುಬೇನೆ. ಒಬ್ಬ ಬಿಯರ್ ಮಾಡುತ್ತಿದ್ದಾನೆ! ಮೂರನೇ ರಾಮ್ಸೆಸ್ ಕಾಲದಲ್ಲಿ ಕೂಲಿಯ ದವಸ ತಡವಾದಾಗ ಇದೇ ಹಳ್ಳಿಯವರು ಕೆಲಸ ಬಿಟ್ಟು ಹೋಗಿ ದೇವಸ್ಥಾನದ ಹಿಂದೆ ಕೂತರು. ಬರಹದಲ್ಲಿ ಉಳಿದಿರುವ ಮುಷ್ಕರಗಳಲ್ಲಿ ಅದೇ ಮೊದಲನೆಯದು. ಇಷ್ಟು ತಿಳಿದುಕೊಂಡು ರಾಜರ ಕಣಿವೆಯ ಗೋಡೆ ನೋಡಿ, ಬಣ್ಣ ಬೇರೆಯೇ ಕಾಣುತ್ತದೆ.

ಪ್ರಶ್ನೆ: ಮುಖವಾಡ ಎಲ್ಲಿದೆ, ಮಮ್ಮಿಗಳು ಎಲ್ಲಿವೆ? ಒಬ್ಬೊಬ್ಬರು ಒಂದೊಂದು ಮ್ಯೂಸಿಯಂ ಹೇಳುತ್ತಾರೆ. — ಕುಟುಂಬದೊಂದಿಗೆ ಹೊರಟವರು

ತುತಾಂಖಾಮನ್‌ನ ಮುಖವಾಡ, ಉಳಿದ ವಸ್ತುಗಳು ಗೀಜಾ ಪಕ್ಕದ ಗ್ರಾಂಡ್ ಈಜಿಪ್ಷಿಯನ್ ಮ್ಯೂಸಿಯಂನಲ್ಲಿವೆ. ಅದು 2025ರ ನವೆಂಬರಿನಲ್ಲಿ ಪೂರ್ತಿ ತೆರೆಯಿತು. ಅವನ ಮಮ್ಮಿ ಮಾತ್ರ ಲಕ್ಸರ್‌ನ ಸಮಾಧಿಯಲ್ಲೇ ಇದೆ. ಉಳಿದ ರಾಜರಾಣಿಯರ 22 ಮಮ್ಮಿಗಳನ್ನು 2021ರ ಏಪ್ರಿಲ್‌ನಲ್ಲಿ ಮೆರವಣಿಗೆ ಮಾಡಿ ಕೈರೋದ ಫುಸ್ತಾತ್‌ನ ಮ್ಯೂಸಿಯಂಗೆ ಒಯ್ದರು. ಆ ಕೋಣೆಯಲ್ಲಿ ಫೋಟೊ ತೆಗೆಯುವಂತಿಲ್ಲ. ತಹ್ರೀರ್ ಚೌಕದ 1902ರ ಹಳೇ ಮ್ಯೂಸಿಯಂ ಖಾಲಿಯಾಯಿತು ಅಂತ ಬಿಡಬೇಡಿ, ತುತಾಂಖಾಮನ್‌ನ ಮುತ್ತಜ್ಜ ಮುತ್ತಜ್ಜಿ ಯುಯಾ, ತುಯಾ ಅಲ್ಲಿದ್ದಾರೆ.

ಪ್ರಶ್ನೆ: ಅಸ್ವಾನ್‌ನಿಂದ ಅಬು ಸಿಂಬೆಲ್‌ಗೆ ಹೋಗಿಬರುವುದೇ ಒಂದು ದಿನದ ಕೆಲಸ ಅಂತಾರೆ. ಬೇಕಾ? — ಅದೇ ಕುಟುಂಬದವರು

ಬೇಕು. ಒಂದು ಕಡೆಗೆ ಸುಮಾರು 280 ಕಿಲೋಮೀಟರ್, ಮರುಭೂಮಿಯ ರಸ್ತೆ. ಬೆಳಗಿನ ಜಾವ ನಾಲ್ಕಕ್ಕೆಲ್ಲ ಹೊರಡಬೇಕು. ಅಸ್ವಾನ್ ದೊಡ್ಡ ಅಣೆಕಟ್ಟು ಕಟ್ಟುವಾಗ ಮುಳುಗಲಿದ್ದ ಈ ದೇವಾಲಯವನ್ನು 1964ರಿಂದ 1968ರವರೆಗೆ ತುಂಡು ತುಂಡಾಗಿ ಕೊಯ್ದು, ಸುಮಾರು 65 ಮೀಟರ್ ಮೇಲಕ್ಕೆ ತಂದು ಜೋಡಿಸಿದರು. ಹತ್ತಿರ ಹೋಗಿ ಎರಡನೇ ರಾಮ್ಸೆಸ್‌ನ ಕಲ್ಲಿನ ಮೈ ನೋಡಿ, ಗರಗಸ ಹಾಕಿದ ಗೆರೆ ಹುಡುಕಿದರೆ ಕಾಣುತ್ತದೆ. ಫೆಬ್ರುವರಿ 22 ಮತ್ತು ಅಕ್ಟೋಬರ್ 22ರಂದು ಬೆಳಗಿನ ಬಿಸಿಲು ಗರ್ಭಗುಡಿಯವರೆಗೆ ಹೋಗುತ್ತದೆ. ಆ ದಿನ ಮಾತ್ರ ಹೋಗಬೇಡಿ, ಬಿಸಿಲಿಗಿಂತ ಜನರ ತಲೆಯೇ ಜಾಸ್ತಿ ಕಾಣುತ್ತದೆ.

ದೇವಾಲಯ ಸಾಗಿಸಿದ ಕಥೆಯನ್ನು ಎಲ್ಲ ಸಾಕ್ಷ್ಯಚಿತ್ರಗಳೂ ಹೇಳುತ್ತವೆ. ಅದೇ ನೀರಿಗೆ ಊರು ಬಿಟ್ಟು ಕೊಮ್ ಒಂಬೊ ಕಡೆಗೆ ಹೋದ ಅಲ್ಲಿನ ಮೂಲ ನಿವಾಸಿಗಳಾದ ಸುಮಾರು 50,000 ನುಬಿಯನ್ ಜನರ ಸುದ್ದಿ ಒಂದು ವಾಕ್ಯದಲ್ಲಿ ಮುಗಿಯುತ್ತದೆ, ಎಷ್ಟೋ ಸಲ ಅದೂ ಇಲ್ಲ. ನಿರೂಪಣೆ ಬರೆಯುವಾಗ ಇದಕ್ಕೆ ಜಗಳ ಮಾಡಿ ಸೋತಿದ್ದೇನೆ. ಅಸ್ವಾನ್‌ನಲ್ಲಿ 1997ರಿಂದ ನುಬಿಯಾ ಮ್ಯೂಸಿಯಂ ಇದೆ. ಮುಳುಗಡೆಗೆ ಮುಂಚಿನ ಮನೆಗಳು, ಬದುಕು ಹೇಗಿತ್ತು ಅಂತ ಅಲ್ಲಿ ತೋರಿಸಿದ್ದಾರೆ. ಅಬು ಸಿಂಬೆಲ್‌ಗೆ ಹೋಗುವ ಹಿಂದಿನ ದಿನ ಅದನ್ನು ನೋಡಿಕೊಳ್ಳಿ. ಬಂದ ಮೇಲೆ ನೋಡೋಣ ಎಂದರೆ ಆಗುವುದಿಲ್ಲ, ಅಷ್ಟು ದೂರ ಕೂತು ಬಂದವರಿಗೆ ಹಾಸಿಗೆ ಬಿಟ್ಟು ಬೇರೇನೂ ಬೇಡವಾಗಿರುತ್ತದೆ.