ರೇಡಿಯೇಷನ್ ಮುಗಿದು ಎಂಟು ತಿಂಗಳು, ದನಿ ಮತ್ತೆ ಒಡೆದಿದೆ

ಪ್ರಶ್ನೆ: ನಾವು ಮುಂಬೈ ಬಳಿಯ ಡೊಂಬಿವಲಿಯಲ್ಲಿದ್ದೇವೆ. ತಂದೆಗೆ 63 ವರ್ಷ. ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ಪರೇಲ್‌ನ ಟಾಟಾ ಆಸ್ಪತ್ರೆಯಲ್ಲಿ ರೇಡಿಯೇಷನ್ ಮುಗಿದು ಎಂಟು ತಿಂಗಳಾಯಿತು. ಮೂರನೇ ತಿಂಗಳ ಪೆಟ್ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ, ದನಿಯೂ ತಿಳಿಯಾಗಿತ್ತು. ಈಗ ಮೂರು ವಾರದಿಂದ ದನಿ ಮತ್ತೆ ಒಡೆದಿದೆ, ಬಲಗಿವಿ ನೋಯುತ್ತದೆ. ಹತ್ತಿರದ ವೈದ್ಯರು ಕಿವಿ ಚೆನ್ನಾಗಿದೆ ಎಂದು ನೋವಿನ ಮಾತ್ರೆ ಕೊಟ್ಟರು. ಅಮ್ಮ ಮಳೆಗಾಲದ ಶೀತ ಎನ್ನುತ್ತಾರೆ. ಮುಂದಿನ ತಪಾಸಣೆಗೆ ಇನ್ನೂ ಒಂದೂವರೆ ತಿಂಗಳಿದೆ. ಅಷ್ಟರಲ್ಲಿ ಹೊರಗಡೆ ಇನ್ನೊಂದು ಪೆಟ್ ಸ್ಕ್ಯಾನ್ ಮಾಡಿಸೋಣವೇ?

ಉತ್ತರ: ಸ್ಕ್ಯಾನ್ ಆಮೇಲೆ. ಮೊದಲು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಬೇಕು, ಅದೂ ಈ ವಾರವೇ.

ಕಿವಿ ಚೆನ್ನಾಗಿದ್ದೂ ನೋಯುತ್ತಿದೆ ಎಂಬ ಮಾತೇ ನನ್ನನ್ನು ಎಚ್ಚರಿಸಿತು. ಗಂಟಲಿಗೂ ಕಿವಿಗೂ ಒಂದೇ ನರದ ಕವಲುಗಳು ಹೋಗುತ್ತವೆ. ತೊಂದರೆ ಗಂಟಲಲ್ಲಿದ್ದರೂ ನೋವು ಕಿವಿಯಲ್ಲಿ ಕಾಣಿಸಿಕೊಳ್ಳಬಹುದು. ಕಾಯಿಲೆ ಮರಳಿದೆ ಎಂದು ನಾನು ಹೇಳುತ್ತಿಲ್ಲ. ರೇಡಿಯೇಷನ್ನಿನ ಊತ, ಸೋಂಕು, ಥೈರಾಯ್ಡ್ ಕೊರತೆ, ಇವು ಕೂಡ ದನಿ ಕೆಡಿಸುತ್ತವೆ. ಆದರೆ ಒಮ್ಮೆ ತಿಳಿಯಾದ ದನಿ ಮತ್ತೆ ಒಡೆದು ಮೂರು ವಾರ ಹಾಗೇ ಉಳಿದರೆ ಅದನ್ನು ಶೀತದ ಲೆಕ್ಕಕ್ಕೆ ಹಾಕಿ ಕೂರುವಂತಿಲ್ಲ.

ಮೂಗಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ ತೆಳುವಾದ ನಳಿಕೆ ಇಳಿಸುತ್ತಾರೆ, 'ಈ' ಎಂದು ರಾಗ ಎಳೆಯಲು ಹೇಳುತ್ತಾರೆ. ಎರಡೂ ಧ್ವನಿತಂತುಗಳು ಆಡುತ್ತಿವೆಯೇ, ಹುಣ್ಣೋ ಗಂಟೋ ಇದೆಯೇ ಎಂಬುದು ಕೆಲವೇ ನಿಮಿಷಗಳಲ್ಲಿ ಕಣ್ಣಿಗೇ ಕಾಣುತ್ತದೆ. ಮೊದಲು ಆಡುತ್ತಿದ್ದ ತಂತು ಈಗ ನಿಂತಿದ್ದರೆ ವಿಷಯ ಗಂಭೀರ. ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆಯಷ್ಟೇ ಅಲ್ಲ, ಸೋಂಕು, ಉರಿಯೂತಗಳೂ ಹೊಳೆಯುತ್ತವೆ. ಚಿಕಿತ್ಸೆ ಮುಗಿದು ಮೊದಲ ಸ್ಕ್ಯಾನ್‌ಗೆ ಹನ್ನೆರಡು ವಾರ ಕಾಯಿಸುವುದೂ ಅದಕ್ಕೇ. ನಮ್ಮ ಮನೆಗಳಲ್ಲಿ ಸ್ಕ್ಯಾನ್ ವರದಿಯನ್ನು ಪರೀಕ್ಷೆ ಪಾಸಾದ ಸರ್ಟಿಫಿಕೇಟಿನಂತೆ ಇಟ್ಟುಕೊಳ್ಳುತ್ತಾರೆ. ಐದು ತಿಂಗಳ ಹಿಂದಿನ ವರದಿ ಇಂದಿನ ಗಂಟಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಂಶಯ ಬಂದರೆ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ನಿರ್ಣಾಯಕ. ರೇಡಿಯೇಷನ್ ತಗುಲಿದ ಮೃದ್ವಸ್ಥಿ (ಧ್ವನಿಪೆಟ್ಟಿಗೆಯ ಮೆದು ಎಲುಬು) ಗಾಯವಾದರೆ ಬೇಗ ಮಾಯುವುದಿಲ್ಲವಾದ್ದರಿಂದ ಬಯಾಪ್ಸಿಯನ್ನು ಚಿಕಿತ್ಸೆ ಕೊಟ್ಟ ತಂಡವೇ ನಿರ್ಧರಿಸಲಿ.

ಮರಳುವ ಗಡ್ಡೆಗಳಲ್ಲಿ ಹೆಚ್ಚಿನವು ಮೊದಲ ಎರಡು-ಮೂರು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ ಕರೆಯುತ್ತಾರೆ. ಆ ತಾರೀಖುಗಳು ಏನೂ ತೊಂದರೆಯಿಲ್ಲದವರಿಗೆ. ಬೇಗ ಸಿಕ್ಕ ಗಡ್ಡೆಯನ್ನು ಕೆಲವೊಮ್ಮೆ ಧ್ವನಿಪೆಟ್ಟಿಗೆಯ ಒಂದು ಭಾಗವನ್ನಷ್ಟೇ ತೆಗೆದು ಗುಣಪಡಿಸಬಹುದು, ತಡವಾದರೆ ಪೂರ್ತಿ ತೆಗೆಯಬೇಕಾಗಬಹುದು.

ಕುತ್ತಿಗೆಗೂ ರೇಡಿಯೇಷನ್ ಕೊಟ್ಟಿದ್ದರೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಆಗಬೇಕು, ಕೇಳಿ ಮಾಡಿಸಿ. ಗಾಯ ಬೇಗ ಮಾಯದೆಂಬ ಅದೇ ಭಯಕ್ಕೆ, ಟಾಟಾದ ವೈದ್ಯರನ್ನು ಕೇಳದೆ ಹಲ್ಲು ಕೀಳಿಸಬೇಡಿ. ಇನ್ನೊಂದು, ತಂದೆಯವರು ಊಟದ ಮೇಲೆ ಎಲೆಯಡಿಕೆಗೆ ಚೂರು ಹೊಗೆಸೊಪ್ಪು ಸೇರಿಸುತ್ತಾರೆಯೇ? ನೀವು ಬರೆದಿಲ್ಲ, ಅವರೂ ಹೇಳಲಿಕ್ಕಿಲ್ಲ. ವಿಚಾರಿಸಿ.

ಹಳೆಯ ಫೈಲ್ ತೆಗೆದುಕೊಂಡು ಟಾಟಾಗೇ ಹೋಗಿ. ಹೊರರೋಗಿ ವಿಭಾಗದಲ್ಲಿ 'ಚೆಕಪ್‌ಗೆ ಬಂದಿದ್ದೇವೆ' ಎನ್ನಬೇಡಿ. 'ರೇಡಿಯೇಷನ್ ಆದವರು, ದನಿ ಮತ್ತೆ ಒಡೆದಿದೆ, ಕಿವಿನೋವಿದೆ' ಎಂದು ಹೇಳಿ. ಉಸಿರೆಳೆದಾಗ ಸದ್ದು ಬಂದರೆ, ಉಗುಳಿನಲ್ಲಿ ರಕ್ತ ಕಂಡರೆ ಆ ಸಾಲಿನಲ್ಲೂ ನಿಲ್ಲದೆ ನೇರ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.