ದುಬೈಗೆ ಹೊರಟಿದ್ದೀರಾ? ತಿಂಗಳ ಸಂಬಳ ನೋಡಿದ್ದಾಯಿತು, ವರ್ಷದ ಲೆಕ್ಕ ಹಾಕಿದ್ದೀರಾ?

ದುಬೈಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ಕುಂದಾಪುರಕ್ಕೆ ಮರಳಿದ ಮೇಲೆ, ಅಲ್ಲಿಗೆ ಹೊರಟವರು ನನ್ನನ್ನು ಹುಡುಕಿಕೊಂಡು ಬರುವುದು ರೂಢಿಯಾಗಿದೆ. ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಹೊಸಬರು ಹೆಚ್ಚಾಗಿ ಮುಗ್ಗರಿಸುವುದು ಅಲ್ಲೇ.

ಪ್ರಶ್ನೆ: ದುಬೈಯಲ್ಲಿ ತಿಂಗಳಿಗೆ 12,000 ದಿರ್ಹಮ್ ಸಂಬಳದ ಕೆಲಸ ಸಿಕ್ಕಿದೆ. ಜುಲೈ ಮೊದಲ ವಾರ ಹಾಜರಾಗಬೇಕು. ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಜೊತೆಯಲ್ಲೇ ಕರೆದೊಯ್ಯುವ ಆಸೆ. ಅಲ್ಲಿ ತೆರಿಗೆ ಇಲ್ಲವಂತೆ. ಕೈಯಲ್ಲಿ ಎಷ್ಟು ಹಣ ಇರಬೇಕು?
– ಉಡುಪಿಯ ಓದುಗರು

ಉತ್ತರ: ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ 12,000ವನ್ನು ರೂಪಾಯಿಗೆ ಗುಣಿಸಿ ಸಂತೋಷಪಡುವ ಮೊದಲು ಒಂದು ಸಂಗತಿ ತಿಳಿದಿರಲಿ. ದುಬೈ ಕೊಡುವುದು ತಿಂಗಳ ಲೆಕ್ಕದಲ್ಲಿ, ಕೇಳುವುದು ವರ್ಷದ ಲೆಕ್ಕದಲ್ಲಿ.

ಮನೆಯ ವಿಷಯವನ್ನೇ ನೋಡಿ. ಬಾಡಿಗೆ ಕರಾರು ಒಂದು ವರ್ಷದ್ದು. ವರ್ಷದ ಬಾಡಿಗೆಯನ್ನು ಎರಡೋ ನಾಲ್ಕೋ ಕಂತು ಮಾಡಿ, ಮುಂದಿನ ದಿನಾಂಕ ಹಾಕಿದ ಚೆಕ್ಕುಗಳನ್ನು ಮೊದಲ ದಿನವೇ ಮಾಲೀಕರ ಕೈಗೆ ಕೊಡುವುದು ಅಲ್ಲಿನ ಪದ್ಧತಿ. ವರ್ಷಕ್ಕೆ 60,000 ದಿರ್ಹಮ್ ಬಾಡಿಗೆಯ ಮನೆ ಎಂದುಕೊಳ್ಳಿ. ನಾಲ್ಕು ಚೆಕ್ಕಾದರೆ ಮೊದಲನೆಯದು 15,000. ಪೀಠೋಪಕರಣವಿಲ್ಲದ ಮನೆಗೆ ಸಾಮಾನ್ಯವಾಗಿ ಶೇಕಡ 5ರಷ್ಟು ಠೇವಣಿ, ಅಂದರೆ 3,000. ಮನೆ ತೋರಿಸಿದ ಏಜೆಂಟರಿಗೆ ಮತ್ತೊಂದು ಶೇಕಡ 5, ಇನ್ನೊಂದು 3,000. ನೀರು ಮತ್ತು ವಿದ್ಯುತ್ ಸಂಸ್ಥೆ ದೀವಾದಲ್ಲಿ ಫ್ಲ್ಯಾಟಿಗೆ 2,000 ಠೇವಣಿ. ಕರಾರನ್ನು ಎಜಾರಿ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸುವ ಸಣ್ಣ ಶುಲ್ಕ ಬೇರೆ. ಬೀಗದ ಕೈ ಸಿಗುವ ಹೊತ್ತಿಗೆ 23,000 ದಿರ್ಹಮ್ ದಾಟಿರುತ್ತದೆ. ದಿರ್ಹಮಿಗೆ 24 ರೂಪಾಯಿ ಎಂದು ಹಿಡಿದರೂ ಐದೂವರೆ ಲಕ್ಷ ರೂಪಾಯಿ. ಮನೆಯೊಳಗೆ ಇನ್ನೂ ಒಂದು ಚಾಪೆಯೂ ಬಂದಿರುವುದಿಲ್ಲ.

ಇನ್ನೊಂದು ತೊಡಕಿದೆ. ಚೆಕ್ ಪುಸ್ತಕಕ್ಕೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಅಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಬೇಕು, ಆ ಕಾರ್ಡು ವೈದ್ಯಕೀಯ ಪರೀಕ್ಷೆ ಮತ್ತು ಬೆರಳಚ್ಚು ಮುಗಿದ ನಂತರವೇ ಬರುತ್ತದೆ. ಹೀಗಾಗಿ ಮೊದಲ ಕೆಲವು ವಾರ ನಿಮ್ಮ ಹೆಸರಿನಲ್ಲಿ ಮನೆ ಆಗುವುದು ಕಷ್ಟ. ಆದ್ದರಿಂದ ನೀವೊಬ್ಬರೇ ಮೊದಲು ಹೋಗಿ, ಕಚೇರಿಗೆ ಹತ್ತಿರದಲ್ಲಿ ಒಂದು ಕೋಣೆ ಹಿಡಿದು, ಸಂಸಾರವನ್ನು ಅಕ್ಟೋಬರ್ ಕೊನೆಗೆ ಕರೆಸಿಕೊಳ್ಳಿ ಎನ್ನುವುದು ನನ್ನ ಸ್ಪಷ್ಟ ಸಲಹೆ. ಕೋಣೆ ಹಿಡಿಯುವಾಗಲೂ ಎಚ್ಚರವಿರಲಿ. ಒಂದು ಫ್ಲ್ಯಾಟನ್ನು ಹಲಗೆಯಿಂದ ಐದಾರು ಗೂಡು ಮಾಡಿ ಬಾಡಿಗೆಗೆ ಕೊಡುವುದು ಕಾನೂನುಬಾಹಿರ. ತಪಾಸಣೆಗೆ ಬಂದವರು ಖಾಲಿ ಮಾಡಿಸಿದರೆ ನೀವು ಕೊಟ್ಟ ಹಣ ಹಿಂತಿರುಗುತ್ತದೆ ಎನ್ನುವ ಭರವಸೆ ಇಲ್ಲ.

ಅಕ್ಟೋಬರ್ ಎಂದಿದ್ದಕ್ಕೆ ಮಗಳೂ ಒಂದು ಕಾರಣ. ಜುಲೈ, ಆಗಸ್ಟ್ ಅಲ್ಲಿ ಶಾಲೆಗಳಿಗೆ ಬೇಸಿಗೆ ರಜೆ. ಮಕ್ಕಳು ನಾಲ್ಕು ಗೋಡೆಗಳ ನಡುವೆಯೇ ಇರಬೇಕಾದ ಕಾಲ. ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಏಪ್ರಿಲ್‌ನಲ್ಲೇ ಶುರುವಾಗಿರುವುದರಿಂದ ನೀವು ಯಾವಾಗ ಸೇರಿಸಿದರೂ ವರ್ಷದ ನಡುವೆಯೇ ಸೇರಿಸಿದಂತಾಗುತ್ತದೆ. ಸೀಟು ಇದೆಯೇ ಎಂದು ಊರಿನಿಂದಲೇ ವಿಚಾರಿಸಿ. ದುಬೈಯ ಖಾಸಗಿ ಶಾಲೆಗಳ ಮೇಲ್ವಿಚಾರಣೆ ನಡೆಸುವ ಕೆಎಚ್‌ಡಿಎ ಪ್ರತಿ ಶಾಲೆಯ ಶುಲ್ಕವನ್ನು ಪ್ರಕಟಿಸುತ್ತದೆ. ಅದನ್ನು ಓದಿ. ಬಸ್ಸಿನ ಶುಲ್ಕ ಬೇರೆಯೇ ಇರುತ್ತದೆ.

ಈಗ ಆ 12,000ದ ಒಳಗೆ ಏನಿದೆ ನೋಡೋಣ. ನೇಮಕಾತಿ ಪತ್ರದಲ್ಲಿ ಮೂಲ ವೇತನ ಎಷ್ಟು, ಮನೆ ಭತ್ಯೆ ಎಷ್ಟು ಎಂದು ಬಿಡಿಸಿ ಬರೆದಿರುತ್ತಾರೆ. ಹೆಚ್ಚಿನವರು ಕೂಡಿಸಿದ ಮೊತ್ತ ನೋಡಿ ಸಹಿ ಹಾಕುತ್ತಾರೆ. ಆದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಮೂಲ ವೇತನದ ಮೇಲೆ ಎಣಿಸುತ್ತಾರೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಮೂಲ ವೇತನ 6,000 ಇದ್ದರೆ ವರ್ಷಕ್ಕೆ 4,200 ದಿರ್ಹಮ್ ಜಮೆಯಾಗುತ್ತದೆ. 3,600 ಇದ್ದರೆ 2,520. ಕೆಲಸ ಕಳೆದುಕೊಂಡಾಗ ನೆರವಿಗೆ ಬರುವ ಕಡ್ಡಾಯ ವಿಮೆಯೂ ಹಾಗೆಯೇ, ಮೂಲ ವೇತನದ ಶೇಕಡ 60ರಂತೆ ಹೆಚ್ಚೆಂದರೆ ಮೂರು ತಿಂಗಳು. ಅದಕ್ಕೆ ಕನಿಷ್ಠ 12 ತಿಂಗಳು ಕಂತು ಕಟ್ಟಿರಬೇಕು. ನಿಮ್ಮ ಮಟ್ಟದ ಸಂಬಳಕ್ಕೆ ಕಂತು ತಿಂಗಳಿಗೆ ಐದೇ ದಿರ್ಹಮ್. ಬಂದ ಕೂಡಲೇ ನೋಂದಾಯಿಸಿ, ಮರೆತರೆ ದಂಡ ಬೀಳುತ್ತದೆ. ಸಹಿ ಹಾಕುವ ಮೊದಲು ಕಂಪನಿಗೆ ಎರಡು ಪ್ರಶ್ನೆ ಕೇಳಿ: ಮೂಲ ವೇತನದ ಪಾಲನ್ನು ಹೆಚ್ಚಿಸುತ್ತೀರಾ? ಮನೆಗಾಗಿ ಮುಂಗಡ ಕೊಟ್ಟು ಸಂಬಳದಲ್ಲಿ ಮುರಿದುಕೊಳ್ಳುತ್ತೀರಾ? ಎರಡನೆಯದಕ್ಕೆ ಎಷ್ಟೋ ಕಂಪನಿಗಳು ಒಪ್ಪುತ್ತವೆ, ಕೇಳುವವರೇ ಕಡಿಮೆ.

ಮನೆ ಆರಿಸುವಾಗ ಬಾಡಿಗೆಯ ಜೊತೆಗೆ ಹವಾನಿಯಂತ್ರಣದ ಖರ್ಚು ಯಾರದ್ದೆಂದು ಬರವಣಿಗೆಯಲ್ಲಿ ನೋಡಿ. ಕೆಲವು ಕಟ್ಟಡಗಳಲ್ಲಿ ಅದನ್ನು ಮಾಲೀಕರೇ ಭರಿಸುತ್ತಾರೆ, ಇನ್ನು ಕೆಲವೆಡೆ ತಂಪು ಪೂರೈಸುವ ಕಂಪನಿ ಬಾಡಿಗೆದಾರರಿಗೇ ಬಿಲ್ ಕಳುಹಿಸುತ್ತದೆ. ನನ್ನ ಮೊದಲ ಮನೆಯ ಕರಾರಿನಲ್ಲಿ ಆ ಸಾಲನ್ನು ಓದದೆ ಸಹಿ ಹಾಕಿದ್ದೆ. ಆಗಸ್ಟ್ ತಿಂಗಳ ಬಿಲ್ ಕಟ್ಟಲು ಊರಿಗೆ ಕಳುಹಿಸಬೇಕಾದ ಹಣವನ್ನು ನಿಲ್ಲಿಸಬೇಕಾಯಿತು, ಅಪ್ಪನಿಗೆ ಕಾರಣ ಹೇಳಲು ನಾಲಿಗೆ ಬರಲಿಲ್ಲ. ದೀವಾದ ಬಿಲ್ಲಿನಲ್ಲೇ ನಗರಾಡಳಿತದ ವಸತಿ ಶುಲ್ಕವೂ ಬರುತ್ತದೆ. ವರ್ಷದ ಬಾಡಿಗೆಯ ಶೇಕಡ 5ನ್ನು ಹನ್ನೆರಡು ಪಾಲು ಮಾಡಿರುತ್ತಾರೆ. ನಮ್ಮ 60,000ದ ಮನೆಗೆ ತಿಂಗಳಿಗೆ 250.

ಪಕ್ಕದ ಶಾರ್ಜಾದಲ್ಲಿ ಬಾಡಿಗೆ ಕಡಿಮೆ. ಆದರೆ ಕಚೇರಿ ದುಬೈಯಲ್ಲಿದ್ದರೆ ಆ ರಸ್ತೆಯ ವಾಹನ ದಟ್ಟಣೆ ದಿನಕ್ಕೆ ಎರಡು ಮೂರು ಗಂಟೆ ನುಂಗಬಲ್ಲದು. ಚಿಕ್ಕ ಮಗುವಿರುವ ಮನೆಗೆ ನಾನು ಅದನ್ನು ಹೇಳುವುದಿಲ್ಲ. ಕರಾಮಾ, ಬರ್ ದುಬೈ, ಅಲ್ ಕುಸೈಸ್ ಕಡೆ ಮೆಟ್ರೊ ನಿಲ್ದಾಣಕ್ಕೆ ನಡೆದುಹೋಗುವಷ್ಟು ದೂರದಲ್ಲಿ ಚಿಕ್ಕ ಮನೆಯಾದರೂ ಸಾಕು. ಭಾರತದ ಚಾಲನಾ ಪರವಾನಗಿಯನ್ನು ಅಲ್ಲಿ ಹಾಗೆಯೇ ಬದಲಿಸಿ ಕೊಡುವುದಿಲ್ಲ, ಪರೀಕ್ಷೆ ಎದುರಿಸಬೇಕು. ಕಾರಿನ ಯೋಚನೆ ಮುಂದಿನ ವರ್ಷಕ್ಕಿರಲಿ.

ಮದುವೆ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರ, ನಿಮ್ಮ ಪದವಿ ಪತ್ರ ಈ ಮೂರಕ್ಕೂ ಊರಿನಲ್ಲಿರುವಾಗಲೇ ದೃಢೀಕರಣ ಮಾಡಿಸಿ. ರಾಜ್ಯದ ಮಟ್ಟದಲ್ಲಿ ಒಮ್ಮೆ, ವಿದೇಶಾಂಗ ಸಚಿವಾಲಯದಲ್ಲಿ ಒಮ್ಮೆ, ಆಮೇಲೆ ಯುಎಇ ರಾಯಭಾರ ಕಚೇರಿಯಲ್ಲಿ. ಅಲ್ಲಿಗೆ ಹೋದ ಮೇಲೆ ನೆನಪಾದರೆ ಕಾಗದಗಳನ್ನು ಕೊರಿಯರ್‌ನಲ್ಲಿ ತಿರುಗಿಸುತ್ತ ಎರಡು ತಿಂಗಳು ಕಳೆಯುತ್ತದೆ. ಊರಿನ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರ ಎನ್‌ಆರ್‌ಒ ಖಾತೆಯಾಗಿ ಬದಲಿಸುವುದನ್ನೂ ಮರೆಯಬೇಡಿ.

ಕೈಯಲ್ಲಿ ಎಷ್ಟಿರಬೇಕು ಎಂದು ಕೇಳಿದಿರಿ. ಒಬ್ಬರೇ ಹೊರಡುವುದಾದರೆ ಎರಡು ತಿಂಗಳ ಊಟ ಮತ್ತು ಕೋಣೆಯ ಖರ್ಚು ಸಾಕು. ಸಂಸಾರ ಬರುವ ಮೊದಲು ನಾನು ಮೇಲೆ ಹೇಳಿದ 23,000 ಹಾಗೂ ಪಾತ್ರೆ, ಮಂಚ, ಫ್ರಿಜ್ಜಿಗೆ ಇನ್ನೊಂದು ಆರೇಳು ಸಾವಿರ ಕೂಡಿರಲಿ. ಸಾಲ ಮಾಡಿ ಮನೆ ಹೂಡಬೇಡಿ. ಬೌನ್ಸ್ ಆದ ಚೆಕ್ಕಿಗೆ ಮೊದಲಿನಂತೆ ನೇರವಾಗಿ ಜೈಲು ಎನ್ನುವ ಕಾನೂನು 2022ರಿಂದ ಸಡಿಲವಾಗಿದೆ. ಆದರೆ ಆ ಚೆಕ್ಕನ್ನೇ ಹಿಡಿದು ಮಾಲೀಕರು ನ್ಯಾಯಾಲಯದ ಮೂಲಕ ವಸೂಲಿಗೆ ಹೊರಡಬಹುದು.

ಪ್ರಶ್ನೆ: ನಾವು ಕಲಬುರಗಿಯವರು. 43 ಡಿಗ್ರಿ ಬಿಸಿಲಿನಲ್ಲೇ ಬೆಳೆದಿದ್ದೇವೆ. ತಮ್ಮ ಕಟ್ಟಡದ ಕೆಲಸಕ್ಕೆ ದುಬೈಗೆ ಹೋಗುತ್ತಿದ್ದಾನೆ. ಬಿಸಿಲಿನ ಬಗ್ಗೆ ಅವನಿಗೆ ಹೊಸದಾಗಿ ಹೇಳುವುದೇನಿದೆ?

ಉತ್ತರ: ಇದೆ, ದಯವಿಟ್ಟು ಅವನಿಗೆ ಓದಿ ಹೇಳಿ. ಕಲಬುರಗಿಯ ಬಿಸಿಲು ಒಣ ಬಿಸಿಲು. ಬೆವರು ಆರುತ್ತದೆ, ಮೈ ತಣಿಯುತ್ತದೆ, ನೆರಳಿಗೆ ಬಂದರೆ ಜೀವ ಬಂದಂತಾಗುತ್ತದೆ. ದುಬೈ ಸಮುದ್ರದ ಅಂಚಿನಲ್ಲಿದೆ. ಜುಲೈ ಮತ್ತು ಆಗಸ್ಟ್‌ನಲ್ಲಿ ನೆತ್ತಿಯ ಮೇಲೆ ನಿಮ್ಮೂರಿನ ಬಿಸಿಲು, ಸುತ್ತ ನಮ್ಮ ಕರಾವಳಿಯ ಸೆಕೆ. ಬೆವರು ಮೈಮೇಲೆಯೇ ನಿಲ್ಲುತ್ತದೆ. ರಾತ್ರಿಯೂ ಎಷ್ಟೋ ದಿನ 30 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ತಾರಸಿಯ ತೊಟ್ಟಿಯ ನೀರು ಕಾದು, ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಮನೆಗಳಲ್ಲಿ ಗೀಸರ್ ಆರಿಸಿಟ್ಟು, ಅದರೊಳಗೆ ತಣಿದು ನಿಂತ ನೀರನ್ನು ಸ್ನಾನಕ್ಕೆ ಬಳಸುವುದುಂಟು.

ಹೊಸ ಮೈ ಆ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನವೇ ಹಳಬರ ಸಮಕ್ಕೆ ದುಡಿದು ತೋರಿಸುವ ಹಟ ಬೇಡ. ಬಾಯಾರುವವರೆಗೆ ಕಾಯದೆ ನೀರು ಕುಡಿಯಲಿ, ಜೊತೆಗೆ ಉಪ್ಪು ಬೆರೆತ ಮಜ್ಜಿಗೆ ಅಥವಾ ಒಆರ್‌ಎಸ್ ಇರಲಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದರ್ಥ. ತಲೆಸುತ್ತು, ವಾಂತಿ, ಮಾತು ತೊದಲುವುದು ಕಂಡರೆ ಮೇಸ್ತ್ರಿಯ ಅನುಮತಿಗೆ ಕಾಯಬಾರದು, ಕೂಡಲೇ ನೆರಳಿಗೆ ಬಂದು ಜೊತೆಯವರನ್ನು ಕೂಗಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಬಯಲಿನಲ್ಲಿ ಕೆಲಸ ಮಾಡಿಸುವುದಕ್ಕೆ ನಿಷೇಧವಿದೆ. ಉಲ್ಲಂಘಿಸಿದ ಮಾಲೀಕನಿಗೆ ಒಬ್ಬ ಕಾರ್ಮಿಕನಿಗೆ 5,000 ದಿರ್ಹಮ್‌ನಂತೆ ದಂಡ. ಇದು ಯಾರೋ ತೋರುವ ಕನಿಕರವಲ್ಲ, ನಿಮ್ಮ ತಮ್ಮನ ಹಕ್ಕು.

ಕಚೇರಿ ಕೆಲಸಕ್ಕೆ ಹೋಗುವವರಿಗೂ ಒಂದು ಮಾತು. ಅಷ್ಟು ಬಿಸಿಲಿನ ಊರಿನಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ. ಎಲ್ಲರೂ ಬಿಸಿಲಿಗೆ ಹೆದರಿ ಒಳಗೇ ಇರುತ್ತಾರೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಹವೆ ಹಿತವಾಗಿರುತ್ತದೆ, ಆಗ ದಿನವೂ ಹೊರಗೆ ನಡೆಯಿರಿ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಏಜೆಂಟರೊಬ್ಬರು ಎರಡು ಲಕ್ಷ ಕೊಟ್ಟರೆ ವಿಸಿಟ್ ವೀಸಾದಲ್ಲಿ ಕಳುಹಿಸುತ್ತೇನೆ, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಆಗುತ್ತದೆ ಎನ್ನುತ್ತಾರೆ. ಚಿನ್ನ ಅಡ ಇಡಲೇ?
– ಪುತ್ತೂರಿನ ತಾಯಿ

ಉತ್ತರ: ಇಡಬೇಡಿ ಅಮ್ಮ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ ಏರುತ್ತ ಹೋಗುತ್ತದೆ. ಸಂಬಳ ಕೊಡದಿದ್ದರೆ ಮಗ ದೂರು ಕೊಡಲೂ ಹೆದರುವ ಸ್ಥಿತಿಗೆ ಬರುತ್ತಾನೆ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದ ವರ್ಗದ್ದು. ಅವರು ಯುಎಇಗೆ ಕೆಲಸಕ್ಕೆ ಹೋಗಲು ಭಾರತ ಸರ್ಕಾರದ ವಲಸೆ ಅನುಮತಿ ಬೇಕು, ಅದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಆಗುತ್ತದೆ. ವಿಸಿಟ್ ವೀಸಾದ ದಾರಿ ಹಿಡಿಯುವುದು ಈ ರಕ್ಷಣೆಯನ್ನು ತಪ್ಪಿಸುವುದಕ್ಕಾಗಿಯೇ. ನೋಂದಾಯಿತ ಏಜೆಂಟರು ಕಾನೂನಿನಂತೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ರಸೀದಿಯನ್ನೂ ಕೊಡಬೇಕು. ಆ ಏಜೆಂಟರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರಿಂದಲಾದರೂ ನೋಡಿಸಿ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚು ಮಾಲೀಕನದ್ದು. ಕಾರ್ಮಿಕನ ಪಾಸ್‌ಪೋರ್ಟನ್ನು ಕಂಪನಿ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಅಲ್ಲಿನ ಕಾರ್ಮಿಕ ಸಚಿವಾಲಯದ ನೇಮಕಾತಿ ಪತ್ರ ಹಿಂದಿ, ಮಲಯಾಳಂ, ತಮಿಳಿನಲ್ಲೂ ಸಿಗುತ್ತದೆ. ಮಗನಿಗೆ ಹಿಂದಿ ಬಂದರೆ ಅವನೇ ಓದಲಿ, ಇಲ್ಲವೇ ಬಲ್ಲವರು ಓದಿ ಹೇಳಲಿ. ಓದದೆ ಹೆಬ್ಬೆಟ್ಟು ಒತ್ತುವುದು ಬೇಡ. ಕಷ್ಟಕ್ಕೆ ಸಿಕ್ಕಿದರೆ ದುಬೈಯಲ್ಲಿ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ, ಸಲಹೆಗೆ ಹಣ ಕೊಡಬೇಕಿಲ್ಲ.

ಪ್ರಶ್ನೆ: ಮುಂದಿನ ತಿಂಗಳು ಗಂಡನ ಬಳಿಗೆ ಹೊರಟಿದ್ದೇನೆ. ಅಮ್ಮ ಮಸಾಲೆ ಪುಡಿ, ತಿಂಡಿ, ಕೆಮ್ಮಿನ ಔಷಧಿ ಎಲ್ಲವನ್ನೂ ಕಟ್ಟಿಕೊಡುತ್ತಿದ್ದಾರೆ. ಏನನ್ನು ತೆಗೆದಿಡಬೇಕು?
– ಶಿವಮೊಗ್ಗದ ಓದುಗರು

ಉತ್ತರ: ಮೊದಲು ಗಸಗಸೆ. ಪಾಯಸಕ್ಕೆ, ಕರ್ಜಿಕಾಯಿಯ ಹೂರಣಕ್ಕೆ ನಾವು ಯೋಚಿಸದೆ ಹಾಕುವ ಆ ಕಾಳು ಅಫೀಮು ಗಿಡದ ಬೀಜ. ಯುಎಇಯಲ್ಲಿ ಅದು ಮಾದಕ ವಸ್ತುಗಳ ಕಾನೂನಿನ ಕೆಳಗೆ ನಿಷಿದ್ಧ. ಮಸಾಲೆ ಪುಡಿಯಲ್ಲಿ ಸೇರಿದೆಯೇ ಎಂದು ಅಮ್ಮನನ್ನು ಕೇಳಿ, ಸೇರಿದ್ದರೆ ಊರಿನಲ್ಲೇ ಬಿಡಿ. ವೀಳ್ಯದೆಲೆ ಸಹಿತ ಪಾನ್ ಸಾಮಗ್ರಿಗಳೂ ಸುಂಕದವರ ನಿಷೇಧ ಪಟ್ಟಿಯಲ್ಲಿವೆ. ಮಡಿಲು ತುಂಬಿದ ಎಲೆ ಅಡಿಕೆಯನ್ನು ಮನೆಯ ದೇವರ ಮುಂದೆ ಇಟ್ಟು ಹೊರಡಿ.

ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ ಕೊಡೀನ್ ಎಂಬ ಹೆಸರಿದೆಯೇ ನೋಡಿ. ಟ್ರಮಡಾಲ್ ಇರುವ ನೋವಿನ ಮಾತ್ರೆಯೂ ಅದೇ ಸಾಲಿನದು. ಇವು ಬೇಕೇ ಬೇಕಾದರೆ ಅಲ್ಲಿನ ಸರ್ಕಾರದಿಂದ ಮೊದಲೇ ಅನುಮತಿ ಪಡೆಯಬೇಕು. ಉಳಿದ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ ಇಟ್ಟುಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಯಾರಾದರೂ ‘ನಮ್ಮವರಿಗೆ ಇದೊಂದು ಪೊಟ್ಟಣ’ ಎಂದರೆ, ಎಷ್ಟೇ ಪರಿಚಿತರಾದರೂ, ಬಿಚ್ಚಿ ನೋಡದೆ ಒಯ್ಯಬೇಡಿ. ಉಪ್ಪಿನಕಾಯಿ, ಹಪ್ಪಳಕ್ಕಾಗಿ ತೂಕ ವ್ಯರ್ಥ ಮಾಡುವುದೂ ಬೇಡ. ಕರಾಮಾದ ಅಂಗಡಿಗಳಲ್ಲಿ ನಮ್ಮ ಅಡುಗೆಗೆ ಬೇಕಾದದ್ದೆಲ್ಲ ಸಿಗುತ್ತದೆ.

ನೀವು ಕೇಳದ ಒಂದನ್ನು ಸೇರಿಸುತ್ತೇನೆ. ಯುಎಇಯಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಅದರ ಕರೆ ಹೋಗುವುದಿಲ್ಲ. ಇಂಟರ್ನೆಟ್ ಕರೆಗೆ ಅಲ್ಲಿ ಅನುಮತಿ ಇರುವ ಬೋಟಿಮ್‌ನಂತಹ ಆ್ಯಪ್‌ಗಳು ಬೇರೆ. ಎಷ್ಟೋ ಮನೆಗಳಲ್ಲಿ ಮಗಳು ಇಳಿದ ಮೊದಲ ರಾತ್ರಿ ಕರೆ ಸೇರದೆ ತಾಯಂದಿರು ನಿದ್ದೆಗೆಟ್ಟಿದ್ದಾರೆ. ಹೊರಡುವ ಮೊದಲೇ ಆ ಆ್ಯಪನ್ನು ಅಮ್ಮನ ಮೊಬೈಲಿಗೆ ಹಾಕಿ, ಒಮ್ಮೆ ಎದುರಿಗೇ ಕೂತು ಕರೆ ಮಾಡಿ ತೋರಿಸಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನಿಮಗೆ ರಾತ್ರಿ ಎಂಟೂವರೆ ಆದಾಗ ಶಿವಮೊಗ್ಗದಲ್ಲಿ ಹತ್ತು ಗಂಟೆ, ಅಮ್ಮ ಮಲಗುವ ಹೊತ್ತು. ಅದಕ್ಕಿಂತ ಮೊದಲೇ ಕರೆ ಮಾಡಿ.